ಮೀಸೆಗೂದಲಿನ ನರ ಮಿದುಳು ಕಾಂಡದಲ್ಲಿ ಮುಗಿಯುವ ಜಾಗ: ಒಂದು ಬೂಟಾನ್, ಮೂವತ್ತು ಸೆಕ್ಷನ್

ಇಲಿಯ ಮೂತಿಯ ಮೇಲಿನ ಒಂದೊಂದು ದೊಡ್ಡ ಮೀಸೆಗೂದಲಿನ ಬುಡಕ್ಕೂ 100ರಿಂದ 200 ನರತಂತುಗಳು ಬಂದು ಸೇರುತ್ತವೆ. ಆ ತಂತುಗಳ ಕೋಶಕಾಯ ಇರುವುದು ಟ್ರೈಜೆಮಿನಲ್ ಗ್ಯಾಂಗ್ಲಿಯಾನಿನಲ್ಲಿ, ಅಂದರೆ ಮುಖದ ಸಂವೇದನೆ ಒಯ್ಯುವ ನರದ ಕೋಶಗಳ ಗಂಟಿನಲ್ಲಿ. ಅಲ್ಲಿಂದ ಒಳಗೆ ಹೋಗುವ ಕವಲು ಮಿದುಳು ಕಾಂಡದ ಪಾನ್ಸ್ ಭಾಗ ಹೊಕ್ಕು ಟ್ರೈಜೆಮಿನಲ್ ನ್ಯೂಕ್ಲಿಯಸ್‌ ಎಂಬ ನರಕೋಶಗಳ ಗುಂಪುಗಳಲ್ಲಿ ಹರಡಿಕೊಳ್ಳುತ್ತದೆ: ಮೇಲೆ ಪ್ರಿನ್ಸಿಪಾಲಿಸ್, ಅದರ ಕೆಳಗೆ ಸಾಲಾಗಿ ಓರಾಲಿಸ್, ಇಂಟರ್‌ಪೋಲಾರಿಸ್, ಕಾಡಾಲಿಸ್. ಹೊರಜಗತ್ತಿನ ಸ್ಪರ್ಶ ಮೊದಲ ಸಿನಾಪ್ಸ್ (ನರಕೋಶಗಳ ನಡುವಿನ ಸಂಧಿ) ದಾಟುವುದು ಇಲ್ಲೇ. ತಂತುವಿನ ತುದಿ ಗ್ಲುಟಮೇಟ್ ಬಿಡುತ್ತದೆ, ಮುಂದಿನ ನರಕೋಶ ಉದ್ದೀಪನಗೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳಿ ಮುಗಿಸುತ್ತೇವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದೇ ತುದಿಯ ಮೇಲೆ ಇನ್ನೊಂದು ಆಕ್ಸಾನಿನ ತುದಿ ಬಂದು ಕೂತಿರುವುದು ಕಾಣುತ್ತದೆ. ಅಂದರೆ ತಂತುವಿನ ಈ ಉಬ್ಬಿದ ತುದಿ, ಬೂಟಾನ್, ಸುದ್ದಿ ಕೊಡುತ್ತದೆ, ತೆಗೆದುಕೊಳ್ಳುತ್ತದೆ ಕೂಡ. ಈ ಎರಡನೆಯ ಸಂಪರ್ಕ ಚಿಕ್ಕದು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಪ್ಪಿಸಿಕೊಳ್ಳದಂತೆ ನೋಡಬೇಕಾದರೆ ಏನೇನು ಮಾಡಬೇಕು ಎಂಬುದನ್ನು ಬೆಂಗಳೂರಿನ ಲ್ಯಾಬ್‌ಗಳ ವಾತಾವರಣದಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಪ್ರಾಣಿ ಮುಟ್ಟುವ ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಅದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. ಅರ್ಜಿಯಲ್ಲಿ ಇಲಿಗಳ ಸಂಖ್ಯೆಯನ್ನು ಸಮರ್ಥಿಸುವಾಗ ಒಂದು ಮಾತನ್ನು ಖಂಡಿತ ಬರೆಯಿರಿ. ಈ ಕೆಲಸದಲ್ಲಿ ಮಾಹಿತಿ ಹೆಚ್ಚುವುದು ಇಲಿಗಳ ಸಂಖ್ಯೆಯಿಂದಲ್ಲ, ಒಂದೊಂದು ಬೂಟಾನನ್ನು ಎಷ್ಟು ಪೂರ್ತಿಯಾಗಿ ನೋಡಿದ್ದೇವೆ ಎಂಬುದರಿಂದ. ಚೆನ್ನಾಗಿ ಫಿಕ್ಸ್ ಆದ (ರಾಸಾಯನಿಕದಿಂದ ಇದ್ದಂತೆಯೇ ಗಟ್ಟಿಗೊಂಡ) ಮೂರು ನಾಲ್ಕು ಮಿದುಳುಗಳಿಂದ ತಿಂಗಳುಗಟ್ಟಲೆ ಕೆಲಸ ಸಿಗುತ್ತದೆ.

ಗುರುತು ಹಾಕುವುದು ಮೊದಲ ಪ್ರಶ್ನೆ. ಮಿದುಳು ಕಾಂಡದ ಒಂದು ಚೂರಿನಲ್ಲಿ ಸಾವಿರಾರು ಬೂಟಾನ್‌ಗಳಿರುತ್ತವೆ, ಅವುಗಳಲ್ಲಿ ಮೀಸೆಯಿಂದ ಬಂದದ್ದು ಯಾವುದು? ನಾವು ಕಾಲರಾ ಟಾಕ್ಸಿನ್ ಬಿ ಉಪಘಟಕಕ್ಕೆ, ಮುಂದೆ ಬಣ್ಣದಿಂದ ಕಾಣಿಸಬಹುದಾದ ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ದ್ರಾವಣ ಬಳಸುತ್ತೇವೆ. ಬಿ ಉಪಘಟಕ ಅಂಟಿಕೊಳ್ಳುವುದು ಜಿಎಂ1 ಗ್ಯಾಂಗ್ಲಿಯೊಸೈಡ್‌ಗೆ. ಹಾಗಾಗಿ ಅದು ಹೆಚ್ಚಾಗಿ ಮೈಲಿನ್ ಇರುವ ದಪ್ಪ ತಂತುಗಳನ್ನೇ ಹಿಡಿಯುತ್ತದೆ, ನೋವಿನ ಸಣ್ಣ ತಂತುಗಳನ್ನು ಬಹುಮಟ್ಟಿಗೆ ಬಿಡುತ್ತದೆ. ಮೀಸೆಯ ಸ್ಪರ್ಶಕ್ಕೆ ನಮಗೆ ಬೇಕಾದದ್ದೂ ಅದೇ. ಅರಿವಳಿಕೆಯಲ್ಲಿರುವ ಇಲಿಯ ಒಂದೇ ಫಾಲಿಕಲ್‌ಗೆ (ಮೀಸೆಗೂದಲಿನ ಬುಡದ ಚೀಲಕ್ಕೆ), ಗಾಜಿನ ಕ್ಯಾಪಿಲರಿ ಅಂಟಿಸಿದ ಸೂಕ್ಷ್ಮ ಸಿರಿಂಜ್‌ನಿಂದ, ಒಂದು ಮೈಕ್ರೊಲೀಟರ್ ಆಸುಪಾಸು, ಐದಾರು ನಿಮಿಷ ತೆಗೆದುಕೊಂಡು ನಿಧಾನವಾಗಿ ಹಾಕಬೇಕು. ಅವಸರ ಮಾಡಿದರೆ ಫಾಲಿಕಲ್ ಒಳಗಿನ ರಕ್ತದ ಸೈನಸ್ ಒಡೆದು ದ್ರಾವಣ ಪಕ್ಕದ ಫಾಲಿಕಲ್‌ಗೂ ಹರಿಯುತ್ತದೆ. ಆಮೇಲೆ ಮಿದುಳು ಕಾಂಡದಲ್ಲಿ ಒಂದು ಚುಕ್ಕೆ ಕಾಣಬೇಕಾದ ಕಡೆ ಮಸುಕಾದ ಪಟ್ಟಿ ಕಾಣುತ್ತದೆ. ಎರಡರಿಂದ ಮೂರು ದಿನ ಬಿಟ್ಟರೆ ಗುರುತು ಗ್ಯಾಂಗ್ಲಿಯಾನ್ ದಾಟಿ ಕೇಂದ್ರದ ತುದಿಗಳವರೆಗೆ ತಲಪುತ್ತದೆ. ಒಂದೇ ಒಂದು ತಂತುವಿನ ದೈಹಿಕ ಗುಣ ಗೊತ್ತಿರಬೇಕು, ಅದು ನಿಧಾನವಾಗಿ ಹೊಂದಿಕೊಳ್ಳುವುದೋ ಬೇಗ ಹೊಂದಿಕೊಳ್ಳುವುದೋ ತಿಳಿಯಬೇಕು ಎಂದಾದರೆ ಆಕ್ಸಾನಿನೊಳಗೇ ಗಾಜಿನ ಎಲೆಕ್ಟ್ರೋಡ್ ಇಳಿಸಿ ತುಂಬಬೇಕು. ಅದು ಬೇರೆಯದೇ ತಾಳ್ಮೆ ಬೇಡುವ ಕೆಲಸ.

ಇಡೀ ಪ್ರಕ್ರಿಯೆಯಲ್ಲಿ ಸರಿಪಡಿಸಲು ಆಗದ ಹಂತವೆಂದರೆ ಪರ್ಫ್ಯೂಷನ್, ಅಂದರೆ ಅಂಗಾಂಶ ಗಟ್ಟಿಗೊಳಿಸುವ ಫಿಕ್ಸೇಟಿವ್ ದ್ರಾವಣವನ್ನು ಹೃದಯದ ಮೂಲಕ ರಕ್ತನಾಳಗಳಿಗೆ ಹರಿಸುವುದು. ಆಮೇಲಿನ ಎಲ್ಲಕ್ಕೂ ಏನಾದರೊಂದು ಪರಿಹಾರವಿದೆ, ಇದಕ್ಕಿಲ್ಲ. ಎದೆ ತೆರೆದಾಗಿನಿಂದ ಫಿಕ್ಸೇಟಿವ್ ಒಳಹೋಗುವವರೆಗಿನ ಸಮಯ ಒಂದೆರಡು ನಿಮಿಷ ಮೀರಬಾರದು. ಮೊದಲು ಹೆಪಾರಿನ್ ಬೆರೆಸಿದ, ಮೈಬಿಸಿಯಷ್ಟು ಬೆಚ್ಚಗಿನ ಸಲೈನ್ ಸುಮಾರು 100 ಮಿಲಿಲೀಟರ್. ಯಕೃತ್ತು ಬಿಳಿಚಿಕೊಂಡ ಕೂಡಲೆ ಫಿಕ್ಸೇಟಿವ್, 500 ಮಿಲಿಲೀಟರ್. ನಮ್ಮ ಮಿಶ್ರಣ ಶೇ 1 ಪ್ಯಾರಾಫಾರ್ಮಾಲ್ಡಿಹೈಡ್ ಮತ್ತು ಶೇ 2.5 ಗ್ಲುಟರಾಲ್ಡಿಹೈಡ್, 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ, ಪಿಎಚ್ 7.4. ಗ್ಲುಟರಾಲ್ಡಿಹೈಡ್ ಇಷ್ಟು ಬೇಕೇ ಎಂದು ಹೊಸಬರು ಕೇಳುತ್ತಾರೆ, ಏಕೆಂದರೆ ಅದು ಹೆಚ್ಚಾದಷ್ಟೂ ಎಚ್‌ಆರ್‌ಪಿಯ ಚಟುವಟಿಕೆ ಸ್ವಲ್ಪ ಕುಗ್ಗುತ್ತದೆ. ಬೇಕು. ಕೊನೆಯಲ್ಲಿ ಗಾಬಾ ಎಂಬ, ನರಗಳ ಸುದ್ದಿಯನ್ನು ತಡೆಯುವ ಪುಟ್ಟ ಅಣುವನ್ನು ಹುಡುಕಲಿದ್ದೇವೆ. ಅದನ್ನು ಅಂಗಾಂಶದ ಪ್ರೋಟೀನಿಗೆ ಬಿಗಿದು ನಿಲ್ಲಿಸುವುದು ಗ್ಲುಟರಾಲ್ಡಿಹೈಡ್. ಫಾರ್ಮಾಲ್ಡಿಹೈಡ್ ಮಾತ್ರ ಇದ್ದರೆ ಗಾಬಾ ತೊಳೆದುಹೋಗುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್ ಪುಡಿಯನ್ನು 60 ಡಿಗ್ರಿ ನೀರಿನಲ್ಲಿ, ಸೋಡಿಯಂ ಹೈಡ್ರಾಕ್ಸೈಡಿನ ಕೆಲವು ಹನಿ ಹಾಕಿ, ತಿಳಿಯಾಗುವವರೆಗೆ ಕದಡಿ, ಸೋಸಿ, ಅವತ್ತೇ ಬಳಸಿ. ಗ್ಲುಟರಾಲ್ಡಿಹೈಡ್ ಹಳದಿ ತಿರುಗಿದ್ದರೆ ಆ ಬಾಟಲಿ ಬೇರೆ ಕೆಲಸಕ್ಕಿರಲಿ.

ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಸಾಕು, ಬ್ಯಾಸಿಲರ್ ಅಪಧಮನಿಯ ಕವಲೊಂದು ಮುಚ್ಚಿ ಮಿದುಳು ಕಾಂಡದ ಒಂದು ಭಾಗಕ್ಕೆ ಫಿಕ್ಸೇಟಿವ್ ಹೋಗುವುದೇ ಇಲ್ಲ. ಹೊರಗಿನಿಂದ ಮಿದುಳು ಗಟ್ಟಿಯಾಗಿ, ಚೆನ್ನಾಗಿಯೇ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಸತ್ಯ ಹೊರಬೀಳುತ್ತದೆ: ಕ್ಯಾಪಿಲರಿಗಳ ಸುತ್ತ ಖಾಲಿ ಬಿಳಿ ಜಾಗ, ಊದಿದ ಮೈಟೊಕಾಂಡ್ರಿಯಾ, ಪದರ ಬಿಚ್ಚಿಕೊಂಡ ಮೈಲಿನ್. ಆ ಬಿಳಿ ಜಾಗ ಆಮ್ಲಜನಕವಿಲ್ಲದೆ ಊದಿದ ಆಸ್ಟ್ರೊಸೈಟಿನ ಪಾದ. ಇಂಥ ಬ್ಲಾಕ್‌ನಲ್ಲಿ (ರೆಸಿನ್ ತುಂಬಿ ಗಟ್ಟಿ ಮಾಡಿದ ಅಂಗಾಂಶದ ತುಂಡಿನಲ್ಲಿ) ಬೂಟಾನ್‌ಗಳ ಅಳತೆ ತೆಗೆಯಬಾರದು, ಎಷ್ಟೇ ಗುರುತು ತುಂಬಿದ್ದರೂ ಸರಿ. ಅವರೋಹಿ ಮಹಾಪಧಮನಿಗೆ ಕ್ಲಾಂಪ್ ಹಾಕಿದರೆ ದ್ರಾವಣ ತಲೆಯ ಕಡೆಗೇ ಹೋಗುತ್ತದೆ. ಮುಂಗಾಲು ಸೆಟೆದು ಕುತ್ತಿಗೆ ಬಿಗಿಯುವುದು ಒಳ್ಳೆಯ ಲಕ್ಷಣ.

ಮಿದುಳು ಕಾಂಡವನ್ನು ಅದೇ ಫಿಕ್ಸೇಟಿವ್‌ನಲ್ಲಿ 4 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ವೈಬ್ರಾಟೋಮ್‌ನಲ್ಲಿ 60 ಮೈಕ್ರಾನಿನ ಅಡ್ಡ ಸೆಕ್ಷನ್ (ತೆಳು ಹೋಳು) ತೆಗೆಯುತ್ತೇವೆ. ಪ್ರಿನ್ಸಿಪಾಲಿಸ್ ಹುಡುಕಲು ಸುಲಭ ಆಧಾರ ಟ್ರೈಜೆಮಿನಲ್ ಮೋಟಾರ್ ನ್ಯೂಕ್ಲಿಯಸ್ಸಿನ ದೊಡ್ಡ ದೊಡ್ಡ ಕೋಶಗಳು. ಅವುಗಳ ಹೊರಮಗ್ಗುಲಲ್ಲೇ ಪ್ರಿನ್ಸಿಪಾಲಿಸ್ ಇದೆ. ಮುಖದ ನಕ್ಷೆ ಇಲ್ಲಿ ತಲೆಕೆಳಗು. ದವಡೆ ಮೇಲೆ, ಕಣ್ಣಿನ ಭಾಗ ಕೆಳಗೆ. ಮೂತಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಎ ಸಾಲಿನ ಮೀಸೆಗಳ ತುದಿಗಳು ಕೆಳಗಡೆ, ಇ ಸಾಲಿನವು ಮೇಲುಗಡೆ ಬೀಳುತ್ತವೆ. ಒಂದು ಮೀಸೆಗೆ ಒಂದು ಗುಂಪು: ಕಾರ್ಟೆಕ್ಸಿನಲ್ಲಿ ವೂಲ್ಸೀ ಮತ್ತು ವ್ಯಾನ್ ಡರ್ ಲೂಸ್ 1970ರಲ್ಲಿ ವರ್ಣಿಸಿದ ಬ್ಯಾರೆಲ್‌ಗಳ ಹಾಗೆಯೇ ಇಲ್ಲೂ ಗುಂಪುಗಳಿವೆ, ಇವಕ್ಕೆ ಬ್ಯಾರೆಲೆಟ್ ಎಂದು ಹೆಸರು. ಪ್ರಿನ್ಸಿಪಾಲಿಸ್, ಇಂಟರ್‌ಪೋಲಾರಿಸ್, ಕಾಡಾಲಿಸ್ ಮೂರರಲ್ಲೂ ಬ್ಯಾರೆಲೆಟ್ ಕಾಣುತ್ತದೆ, ಓರಾಲಿಸ್‌ನಲ್ಲಿ ಆ ಅಚ್ಚುಕಟ್ಟು ಇಲ್ಲ. ಡಿ ಸಾಲಿನ ಎರಡನೇ ಮೀಸೆಗೆ ಗುರುತು ಹಾಕಿದ್ದರೆ ಚುಕ್ಕೆ ಎಲ್ಲಿ ಬೀಳಬೇಕು ಎಂದು ಮೊದಲೇ ಗೊತ್ತಿರುತ್ತದೆ. ಬೇರೆ ಕಡೆ ಬಿದ್ದರೆ ಇಂಜೆಕ್ಷನ್ ಸರಿ ಹೋಗಿಲ್ಲ.

ಎಚ್‌ಆರ್‌ಪಿಯನ್ನು ಕಾಣಿಸುವ ಬಣ್ಣ ಯಾವುದು ಎಂಬುದರ ಮೇಲೆ ಕೊನೆಯ ಚಿತ್ರದ ಗುಣಮಟ್ಟ ನಿಂತಿದೆ. ಡಿಎಬಿ ಸುಲಭ, ಗಟ್ಟಿ, ಆದರೆ ಬೂಟಾನ್ ಪೂರ್ತಿ ಕಪ್ಪಗೆ ಹರಡಿಕೊಳ್ಳುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಳಗಿನ ವೆಸಿಕಲ್ (ಸುದ್ದಿಯ ರಾಸಾಯನಿಕ ತುಂಬಿದ ಪುಟ್ಟ ಚೀಲ) ಕಾಣಿಸುವುದಿಲ್ಲ, ಪೊರೆಯ ದಪ್ಪ ಅಳೆಯಲು ಬರುವುದಿಲ್ಲ, ತುದಿಯ ಮೇಲೆ ಕೂತ ಇನ್ನೊಂದು ಸಂಪರ್ಕವಂತೂ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಈ ವಿಷಯಕ್ಕೆ ನಮ್ಮ ಆಯ್ಕೆ ಟಿಎಂಬಿ–ಟಂಗ್‌ಸ್ಟೇಟ್. ಅದು ಬೂಟಾನ್ ಒಳಗೆ ಅಲ್ಲಲ್ಲಿ ಹರಳಾಗಿ ಕೂರುತ್ತದೆ, ಹರಳಿನ ಸುತ್ತಮುತ್ತ ಎಲ್ಲವೂ ಸ್ವಚ್ಛ. ಪ್ರತಿಕ್ರಿಯೆ ನಡೆಯುವುದು ಪಿಎಚ್ 6ರ ಆಸುಪಾಸಿನ ಬಫರ್‌ನಲ್ಲಿ. ಹಾಗೇ ಬಿಟ್ಟರೆ ಮುಂದಿನ ತೊಳೆತದಲ್ಲಿ ಹರಳು ಕರಗುತ್ತದೆ, ಆದ್ದರಿಂದ ಕೂಡಲೆ ಡಿಎಬಿ ಮತ್ತು ಕೋಬಾಲ್ಟ್ ಕ್ಲೋರೈಡ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ ಸ್ಥಿರಗೊಳಿಸಬೇಕು. ಟ್ರೈಟಾನ್‌ನಂಥ ಡಿಟರ್ಜೆಂಟ್ ಯಾವ ಹಂತದಲ್ಲೂ ಬೇಡ. ಕಿಣ್ವದ ಪ್ರತಿಕ್ರಿಯೆಗೆ ಸಣ್ಣ ಅಣುಗಳೇ ಸಾಕು, ಪ್ರತಿಕಾಯ ಒಳಹೋಗಬೇಕಿಲ್ಲ. ಪೊರೆ ಹಾಳುಮಾಡಿಕೊಳ್ಳುವ ಅಗತ್ಯವೇ ಇಲ್ಲ.

ಮುಂದೆ ಶೇ 1 ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ ಸುಮಾರು ಒಂದು ಗಂಟೆ, ಫ್ಯೂಮ್ ಹುಡ್ ಒಳಗೇ. ಇದರ ಆವಿ ಕಣ್ಣಿನ ಕಾರ್ನಿಯಾಕ್ಕೆ ಅಪಾಯ. ಬಳಸಿ ಉಳಿದದ್ದಕ್ಕೆ ಎರಡರಷ್ಟು ಅಡುಗೆ ಎಣ್ಣೆ ಹಾಕಿ ಕಪ್ಪಾಗುವವರೆಗೆ ಬಿಡುತ್ತಾರೆ. ಮುಸುಕಿನ ಜೋಳದ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಆಗುತ್ತದೆ, ಕೊಬ್ಬರಿ ಎಣ್ಣೆ ಕೆಲಸಕ್ಕೆ ಬಾರದು. ಆಸ್ಮಿಯಂ ಹಿಡಿಯುವುದು ಅಸಂತೃಪ್ತ ಕೊಬ್ಬಿನ ಜೋಡಿಬಂಧಗಳನ್ನು, ಕೊಬ್ಬರಿ ಎಣ್ಣೆಯಲ್ಲಿ ಅವು ತೀರಾ ಕಡಿಮೆ. ಆಲ್ಕೊಹಾಲ್ ಸರಣಿ 50, 70, 80, 90, 95, ಆಮೇಲೆ ಶುದ್ಧ ಆಲ್ಕೊಹಾಲ್ ಮೂರು ಸಲ, ಪ್ರೊಪಿಲೀನ್ ಆಕ್ಸೈಡ್, ಅರ್ಧಕ್ಕರ್ಧ ರೆಸಿನ್‌ನಲ್ಲಿ ರಾತ್ರಿಯಿಡೀ, ಕೊನೆಗೆ ಶುದ್ಧ ರೆಸಿನ್‌ನಲ್ಲಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಚಪ್ಪಟೆಯಾಗಿ ಮಲಗಿಸಿ 60 ಡಿಗ್ರಿಯಲ್ಲಿ 48 ಗಂಟೆ.

ಬೆಂಗಳೂರಿನಲ್ಲಿ ಈ ಹಂತಕ್ಕೆ ತೊಂದರೆ ಕೊಡುವುದು ಮಳೆಗಾಲ. ಜೂನ್ ಕಳೆದ ಮೇಲೆ ತೆರೆದಿಟ್ಟ ಶುದ್ಧ ಆಲ್ಕೊಹಾಲ್ ಬಾಟಲಿ ಹೆಸರಿಗಷ್ಟೇ ಶುದ್ಧ, ಗಾಳಿಯ ತೇವ ಎಳೆದುಕೊಂಡಿರುತ್ತದೆ. ಎಪಾಕ್ಸಿ ರೆಸಿನ್ ಸಹ ತೇವ ಹೀರುತ್ತದೆ. ಬ್ಲಾಕ್ ಮೆತ್ತಗಾಗುತ್ತದೆ, ಚಾಕುವಿನ ಕೆಳಗೆ ಅಮುಕಿ ಬರುತ್ತದೆ, ಸೆಕ್ಷನ್‌ನಲ್ಲಿ ಏಣಿಯಂಥ ಗೆರೆಗಳು. ಬಾಟಲಿಯಲ್ಲಿ ಮಾಲಿಕ್ಯುಲರ್ ಸೀವ್ ಹಾಕಿಡಿ, ಫ್ರಿಜ್‌ನಿಂದ ತೆಗೆದ ರೆಸಿನ್ ಘಟಕಗಳನ್ನು ಕೋಣೆಯ ತಾಪಕ್ಕೆ ಬರುವ ಮೊದಲು ತೆರೆಯಬೇಡಿ, ಸಿದ್ಧವಾದ ಬ್ಲಾಕ್‌ಗಳು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿರಲಿ. ಫೆಬ್ರುವರಿ–ಮಾರ್ಚ್‌ನಲ್ಲಿ ತೊಂದರೆ ತಿರುಗುಮುರುಗು: ಒಣ ಗಾಳಿಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಸೆಕ್ಷನ್‌ಗಳು ಚಾಕುವಿನ ಅಂಚಿಗೆ ಅಂಟುತ್ತವೆ, ಇಲ್ಲವೆ ಹಾರುತ್ತವೆ. ಅಯೊನೈಸರ್ ಇದ್ದರೆ ಬಳಸಿ, ಇಲ್ಲದಿದ್ದರೆ ಪಕ್ಕದಲ್ಲಿ ಬಿಸಿನೀರಿನ ಬೀಕರ್ ಇಟ್ಟುಕೊಂಡರೂ ಅನುಕೂಲವಾಗುತ್ತದೆ.

ಅಂಗಾಂಶ ಒಂದು ಕಡೆ, ಸೂಕ್ಷ್ಮದರ್ಶಕ ಊರಿನ ಇನ್ನೊಂದು ಕಡೆ ಎಂಬ ಪರಿಸ್ಥಿತಿ ಇಲ್ಲಿ ಸಾಮಾನ್ಯ. ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿ, ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ. ನಡುವಿನ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ಹೇಳಲಾಗದು. ಸಾಗಿಸಲು ಸುರಕ್ಷಿತವಾದ ಘಟ್ಟಗಳು ಎರಡೇ: ಗಟ್ಟಿಯಾದ ಬ್ಲಾಕ್, ಇಲ್ಲವೆ ಒಣಗಿದ ಗ್ರಿಡ್ (ಸೆಕ್ಷನ್‌ಗಳನ್ನು ಹೊತ್ತ ಪುಟ್ಟ ಲೋಹದ ಬಿಲ್ಲೆ). ಆಸ್ಮಿಯಂ ಅಥವಾ ಆಲ್ಕೊಹಾಲ್ ಹಂತದಲ್ಲಿರುವ ಅಂಗಾಂಶವನ್ನು ಆಟೊದಲ್ಲಿ ಒಯ್ಯುವ ಯೋಚನೆಯೇ ಬೇಡ.

ಚಪ್ಪಟೆ ರೆಸಿನ್ ಹಾಳೆಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಗುರುತಾದ ಬ್ಯಾರೆಲೆಟ್‌ನ ಚಿತ್ರ ತೆಗೆದು, ಆ ಜಾಗವನ್ನಷ್ಟೇ ಕತ್ತರಿಸಿ ಖಾಲಿ ಬ್ಲಾಕಿನ ಮೇಲೆ ಅಂಟಿಸಬೇಕು. ಮುಖವನ್ನು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ ಟ್ರೆಪಿಜಿಯಂ ಆಗಿ ಹೆರೆಯಿರಿ. ಮೇಲಿನ ಕೆಳಗಿನ ಅಂಚು ಸಮಾನಾಂತರ ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಬರುವ ಸೆಕ್ಷನ್‌ಗಳ ರಿಬ್ಬನ್ ಬಾಗುತ್ತದೆ, ಬಾಗಿದ್ದು ಮುರಿಯುತ್ತದೆ. ವಜ್ರದ ಚಾಕುವಿನಲ್ಲಿ 65 ನ್ಯಾನೊಮೀಟರ್, ನೀರಿನ ಮೇಲೆ ಬೆಳ್ಳಿಯ ಬಣ್ಣ. ಬಂಗಾರದ ಬಣ್ಣ ಬಂದರೆ ದಪ್ಪವಾಗಿದೆ ಎಂದರ್ಥ. ಒಂದು ಸ್ಲಾಟ್ ಗ್ರಿಡ್‌ಗೆ ಎಂಟರಿಂದ ಹತ್ತು ಸೆಕ್ಷನ್, ಗ್ರಿಡ್ ಮೇಲೆ ಫಾರ್ಮ್‌ವಾರ್ ಪೊರೆ. ಗ್ರಿಡ್ ನಿಕ್ಕಲ್‌ನದಾಗಿರಲಿ, ತಾಮ್ರ ಮುಂದಿನ ರಾಸಾಯನಿಕಗಳಿಗೆ ತಡೆಯುವುದಿಲ್ಲ. ನಿಕ್ಕಲ್‌ಗೆ ಕಾಂತ ಹಿಡಿಯದ ಚಿಮಟ ಬೇಕು, ಸಾಧಾರಣ ಚಿಮಟ ಬಳಸಿದರೆ ಗ್ರಿಡ್ ಅದಕ್ಕೇ ಅಂಟಿಕೊಂಡು ರಿಬ್ಬನ್ ಮಡಚಿಹೋಗುತ್ತದೆ. ಎಸಿ ಗಾಳಿ, ಪಕ್ಕದ ಕಾರಿಡಾರಿನ ಓಡಾಟ, ರಸ್ತೆಯಲ್ಲಿ ಲಾರಿ, ಎಲ್ಲದರ ಅಲುಗಾಟವೂ ಸೆಕ್ಷನ್‌ನ ದಪ್ಪದಲ್ಲಿ ಕಾಣಿಸಿಕೊಳ್ಳುತ್ತದೆ. ಉದ್ದ ಸರಣಿ ತೆಗೆಯುವುದಿದ್ದರೆ ರಾತ್ರಿಯ ಹೊತ್ತೇ ಒಳ್ಳೆಯದು.

ಇಷ್ಟೆಲ್ಲ ಸರಣಿಯೇ ಏಕೆ ಬೇಕು ಎಂಬುದಕ್ಕೆ ಲೆಕ್ಕ ಸರಳ. ಬೂಟಾನ್ ಎರಡು ಮೈಕ್ರಾನ್ ಅಗಲ ಎಂದುಕೊಳ್ಳಿ. 65 ನ್ಯಾನೊಮೀಟರ್‌ನಂತೆ ಅದು ಸುಮಾರು 30 ಸೆಕ್ಷನ್‌ಗಳಲ್ಲಿ ಹರಡಿರುತ್ತದೆ. ಅದರ ಮೇಲೆ ಕೂತ ಆಕ್ಸಾನ್ ತುದಿಯ ಸಂಪರ್ಕ ಕಾಲು ಮೈಕ್ರಾನ್ ಉದ್ದ ಇದ್ದರೆ ಅದು ನಾಲ್ಕು ಸೆಕ್ಷನ್‌ಗಳಲ್ಲಿ ಮಾತ್ರ ಬರುತ್ತದೆ. ಯಾವುದೋ ಒಂದು ಸೆಕ್ಷನ್ ತೆಗೆದು ನೋಡಿದರೆ ಆ ಸಂಪರ್ಕ ಸಿಗುವ ಸಾಧ್ಯತೆ ಏಳರಲ್ಲಿ ಒಂದರಷ್ಟು. ಹಲಸಿನ ಹಣ್ಣನ್ನು ಒಂದೇ ಕಡೆ ಅಡ್ಡ ಕೊಯ್ದು ಒಳಗೆ ಎಷ್ಟು ತೊಳೆ ಎಂದು ಹೇಳಲಾಗುತ್ತದೆಯೇ? ಒಂಟಿ ಸೆಕ್ಷನ್ ಆಧಾರದಲ್ಲಿ ‘ಈ ಬೂಟಾನಿಗೆ ಮೇಲಿನಿಂದ ಸಂಪರ್ಕ ಇಲ್ಲ’ ಎಂದು ಬರೆಯುವುದನ್ನು ನಾವು ಒಪ್ಪುವುದಿಲ್ಲ. ‘ಇದೆ’ ಎಂದು ಬರೆಯಬಹುದು. ‘ಇಲ್ಲ’ ಎನ್ನಲು ಪೂರ್ತಿ ಸರಣಿ ಬೇಕು.

ಬಣ್ಣ ಕೊಡುವುದು ಯುರನೈಲ್ ಅಸಿಟೇಟ್ ಮತ್ತು ಸೀಸದ ಸಿಟ್ರೇಟಿನಿಂದ. ರೆನಾಲ್ಡ್ಸ್ 1963ರಲ್ಲಿ ಕೊಟ್ಟ ಸೀಸದ ದ್ರಾವಣ ಇಂದಿಗೂ ನಡೆಯುತ್ತಿದೆ. ಸೀಸಕ್ಕೆ ಇಂಗಾಲದ ಡೈಆಕ್ಸೈಡ್ ಸೋಕಿದರೆ ಕಪ್ಪು ಕಣಗಳು ಉದುರುತ್ತವೆ, ಅವು ಮುಂದೆ ಬರುವ ಚಿನ್ನದ ಕಣಗಳೊಂದಿಗೆ ಗೊಂದಲ ತರುತ್ತವೆ. ಕುದಿಸಿ ಆರಿಸಿದ ನೀರು ಬಳಸಿ, ಪೆಟ್ರಿ ತಟ್ಟೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಗಳನ್ನು ಇಡಿ, ತಟ್ಟೆಯ ಮೇಲೆ ಬಗ್ಗಿ ಉಸಿರಾಡಬೇಡಿ.

ಈಗ ನೋಡುವುದು. 80 ಕಿಲೊವೋಲ್ಟ್‌ನಲ್ಲಿ ಕಾಂಟ್ರಾಸ್ಟ್ ಚೆನ್ನಾಗಿರುತ್ತದೆ. ಕಡಿಮೆ ವರ್ಧನೆಯಲ್ಲಿ ಒಂದು ಕ್ಯಾಪಿಲರಿ, ಎರಡು ಮೂರು ಮೈಲಿನ್ ಉಂಗುರ ಗುರುತಿಟ್ಟುಕೊಂಡರೆ ಪ್ರತಿ ಸೆಕ್ಷನ್‌ನಲ್ಲೂ ಅದೇ ಬೂಟಾನಿಗೆ ಮರಳಬಹುದು. ಆಮೇಲೆ 20,000ದಿಂದ 30,000 ಪಟ್ಟು.

ಗುರುತಾದ ಬೂಟಾನ್ ಸಾಮಾನ್ಯವಾಗಿ ದುಂಡಗಿರುವುದಿಲ್ಲ, ಅಂಚು ಒಳಸರಿದು ಹೊರಸರಿದು ಅಲೆಯಾಗಿರುತ್ತದೆ. ಒಳಗೆ ದುಂಡನೆಯ, ತಿಳಿಯಾದ ವೆಸಿಕಲ್‌ಗಳು, 45ರಿಂದ 50 ನ್ಯಾನೊಮೀಟರ್, ಜತೆಗೆ ಹಲವು ಮೈಟೊಕಾಂಡ್ರಿಯಾ. ಅದು ಡೆಂಡ್ರೈಟ್ (ಮುಂದಿನ ನರಕೋಶದ ಸುದ್ದಿ ಪಡೆಯುವ ಕವಲು) ಮೇಲೆ ಮಾಡುವ ಸಿನಾಪ್ಸ್ ಅಸಮ: ಆಚೆ ಬದಿಯ ಪೊರೆಯ ಹಿಂದೆ ದಪ್ಪ ಕಪ್ಪು ಪಟ್ಟಿ. ಗ್ರೇ 1959ರಲ್ಲಿ ಒಂದನೇ ಬಗೆ, ಎರಡನೇ ಬಗೆ ಎಂದು ವಿಂಗಡಿಸಿದ್ದರಲ್ಲಿ ಇದು ಒಂದನೆಯದು. ಒಂದೇ ಬೂಟಾನ್ ಒಂದಕ್ಕಿಂತ ಹೆಚ್ಚು ಡೆಂಡ್ರೈಟ್‌ಗಳಿಗೆ ಸಂಪರ್ಕ ಕೊಡುವುದುಂಟು, ಸರಣಿಯಲ್ಲಿ ಮುಂದೆ ಹೋದಂತೆ ಹೊಸ ಡೆಂಡ್ರೈಟ್ ಬಂದು ಸೇರುವುದು ಕಾಣುತ್ತದೆ.

ಎದುರು ಬದಿಯಲ್ಲಿ, ಹರಳಿಲ್ಲದ ಇನ್ನೊಂದು ಸಣ್ಣ ತುದಿ. ಅದರೊಳಗಿನ ವೆಸಿಕಲ್‌ಗಳು ಕೆಲವು ದುಂಡು, ಕೆಲವು ಅಂಡಾಕಾರ, ಕೆಲವು ಚಪ್ಪಟೆ. ಬಹುರೂಪಿ ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲಕ್ಷರದಿಂದ ಇದನ್ನು ಪಿ ತುದಿ ಎನ್ನುತ್ತಾರೆ. ಅದು ಗುರುತಾದ ಬೂಟಾನಿನ ಮೇಲೆ ಸಿನಾಪ್ಸ್ ಮಾಡುತ್ತದೆ. ಎರಡೂ ಬದಿಯ ಪೊರೆಯ ದಪ್ಪ ಹೆಚ್ಚುಕಡಿಮೆ ಸಮ. ಪಿ ತುದಿಯ ವೆಸಿಕಲ್‌ಗಳು ಆ ಪೊರೆಗೆ ಒತ್ತಿಕೊಂಡು ನಿಂತಿರಬೇಕು, ಸಂಧಿಯ ಬಿರುಕು ಸುಮಾರು 20 ನ್ಯಾನೊಮೀಟರ್ ಅಗಲ ಸ್ಪಷ್ಟ ಕಾಣಬೇಕು. ಇವೆರಡೂ ಇಲ್ಲದೆ ಬರೀ ಪೊರೆಗೆ ಪೊರೆ ತಾಗಿದೆ ಎಂಬುದನ್ನು ಸಿನಾಪ್ಸ್ ಎಂದು ಎಣಿಸಬೇಡಿ. ಪೊರೆ ಓರೆಯಾಗಿ ಕತ್ತರಿಸಿದಾಗ ಎಲ್ಲ ಅಂಚೂ ದಪ್ಪ, ಮಸುಕು. ಆಗ ಗೋನಿಯೊಮೀಟರ್‌ನಲ್ಲಿ ಗ್ರಿಡ್ ವಾಲಿಸಿ ಪೊರೆ ನೆಟ್ಟಗೆ ಬರುವಂತೆ ಮಾಡಿ ನಿರ್ಧರಿಸಬೇಕು.

ಕೆಲವೊಮ್ಮೆ ಅದೇ ಪಿ ತುದಿ ಬೂಟಾನಿಗೂ, ಆ ಬೂಟಾನ್ ಮುಟ್ಟಿದ ಡೆಂಡ್ರೈಟ್‌ಗೂ ಸಂಪರ್ಕ ಕೊಟ್ಟಿರುತ್ತದೆ. ಇದೇ ತ್ರಿಕೂಟ. ಒಂದೇ ತುದಿ ಸುದ್ದಿ ಹೊರಡುವ ಮೊದಲೂ ತಡೆಯುತ್ತದೆ, ಮುಟ್ಟಿದ ಮೇಲೂ ತಡೆಯುತ್ತದೆ. ಎರಡು ಸಂಪರ್ಕಗಳೂ ಒಂದೇ ಸೆಕ್ಷನ್‌ನಲ್ಲಿ ಬರುವುದು ಅಪರೂಪ. ಆರನೇ ಸೆಕ್ಷನ್‌ನಲ್ಲಿ ಒಂದು, ಹದಿನಾಲ್ಕರಲ್ಲಿ ಇನ್ನೊಂದು ಸಿಗುತ್ತದೆ. ನಡುವಿನ ಏಳರಲ್ಲಿ ಪಿ ತುದಿಯನ್ನು ಬಿಡದೆ ಹಿಂಬಾಲಿಸಿದವರಿಗಷ್ಟೇ ಅದು ತ್ರಿಕೂಟ ಎಂದು ತಿಳಿಯುತ್ತದೆ. ಸಿಕ್ಕಾಗ ಆಗುವ ಸಂತೋಷಕ್ಕೆ ಈ ಕೆಲಸದಲ್ಲಿ ಬೇರೆ ಸಾಟಿ ಇಲ್ಲ.

ತಡೆ ಹೇಗೆ ಆಗುತ್ತದೆ ಎನ್ನುವುದು ಸ್ವಲ್ಪ ವಿಚಿತ್ರ. ಸಂವೇದನಾ ತಂತುಗಳ ಪೊರೆಯಲ್ಲಿರುವ ಎನ್‌ಕೆಸಿಸಿ1 ಎಂಬ ಸಾಗಣೆ ಪ್ರೋಟೀನ್ ಒಳಗೆ ಕ್ಲೋರೈಡನ್ನು ಹೆಚ್ಚಾಗಿ ಇಟ್ಟಿರುತ್ತದೆ. ಗಾಬಾ ಬಂದು ಚಾನೆಲ್ ತೆರೆದಾಗ ಕ್ಲೋರೈಡ್ ಹೊರಗೆ ಹರಿದು ತುದಿಯ ವೋಲ್ಟೇಜ್ ಏರುತ್ತದೆ, ಇಳಿಯುವುದಿಲ್ಲ. ಆದರೂ ಪರಿಣಾಮ ತಡೆಯೇ: ಬರುವ ಸ್ಪೈಕಿನ ಎತ್ತರ ತಗ್ಗುತ್ತದೆ, ಕ್ಯಾಲ್ಸಿಯಂ ಒಳಬರುವುದು ಕಡಿಮೆಯಾಗುತ್ತದೆ, ಗ್ಲುಟಮೇಟ್ ಬಿಡುಗಡೆ ಕುಗ್ಗುತ್ತದೆ.

ವೆಸಿಕಲ್ ಆಕಾರದ ಮೇಲೆ ಪೂರ್ತಿ ನಂಬಿಕೆ ಇಡಬಾರದು. ಅವು ಚಪ್ಪಟೆಯಾಗುವುದು ಆಲ್ಡಿಹೈಡ್ ಮತ್ತು ಬಫರಿನ ಆಸ್ಮೋಲಾರಿಟಿ ಎರಡೂ ಸೇರಿದಾಗ. ಬಫರ್ ಬದಲಾದರೆ ತಡೆಯುವ ತುದಿಯ ವೆಸಿಕಲ್‌ಗಳೂ ದುಂಡಗೇ ಉಳಿಯಬಹುದು. ಆದ್ದರಿಂದ ಹೋಲಿಕೆ ಯಾವಾಗಲೂ ಅದೇ ಚಿತ್ರದೊಳಗೆ, ಗುರುತಾದ ಬೂಟಾನ್ ಪಕ್ಕದಲ್ಲಿಟ್ಟು ಮಾಡಬೇಕು. ಖಚಿತವಾಗಬೇಕಾದರೆ ಇಮ್ಯುನೊಗೋಲ್ಡ್, ಅಂದರೆ ಪ್ರತಿಕಾಯ ಮತ್ತು ಚಿನ್ನದ ಕಣಗಳಿಂದ ಗಾಬಾ ಇರುವ ಜಾಗ ಗುರುತಿಸುವುದು. ಸರಣಿಯ ಒಂದು ಗ್ರಿಡ್ ಬಿಟ್ಟು ಒಂದನ್ನು ಇದಕ್ಕೆ ಮೀಸಲಿಡಿ. ಶೇ 1 ಪೀರಿಯಾಡಿಕ್ ಆಮ್ಲದಿಂದ ರೆಸಿನ್ ಮೇಲ್ಮೈ ತೆರೆದು, ಸೋಡಿಯಂ ಮೆಟಾಪೀರಿಯಾಡೇಟ್‌ನಿಂದ ಆಸ್ಮಿಯಂ ತೆಗೆದು, ಗಾಬಾ ವಿರುದ್ಧದ ಪ್ರತಿಕಾಯ, ಆಮೇಲೆ 15 ನ್ಯಾನೊಮೀಟರ್ ಚಿನ್ನದ ಕಣ ಅಂಟಿದ ಎರಡನೇ ಪ್ರತಿಕಾಯ. ಈ ಗ್ರಿಡ್‌ನಲ್ಲಿ ಟಿಎಂಬಿ ಹರಳು ಮಸುಕಾದರೆ ಚಿಂತೆ ಬೇಡ, ಯಾವ ಬೂಟಾನ್ ಯಾವುದು ಎಂಬುದು ಪಕ್ಕದ ಗ್ರಿಡ್‌ನಿಂದ ಆಗಲೇ ಗೊತ್ತಿದೆ.

ಚಿನ್ನದ ಕಣ ಎಣಿಸುವಾಗ ಹಿನ್ನೆಲೆಗೆ ಅಳತೆಗೋಲು ಇಲ್ಲೇ ಸಿಗುತ್ತದೆ: ಮೀಸೆಯ ತಂತುವಿನ ಬೂಟಾನ್ ಗ್ಲುಟಮೇಟಿನದು, ಅದರ ಮೇಲೆ ಕಾಣುವ ಗಾಬಾ ಕಣಗಳು ಹಿನ್ನೆಲೆ. ಒಂದು ಚದರ ಮೈಕ್ರಾನಿಗೆ ಎಷ್ಟು ಕಣ ಎಂದು ಹಲವು ಗುರುತಾದ ಬೂಟಾನ್‌ಗಳಲ್ಲಿ ಲೆಕ್ಕ ಹಾಕಿ, ಸರಾಸರಿಗೆ ಪ್ರಮಾಣ ವಿಚಲನೆಯ ಮೂರುಪಟ್ಟು ಕೂಡಿಸಿ ಬಂದ ಅಂಕಿಯನ್ನು ಮೀರಿದ ತುದಿಗಳನ್ನಷ್ಟೇ ಗಾಬಾದವು ಎನ್ನುತ್ತೇವೆ. ಪಿ ತುದಿಗಳಲ್ಲಿ ಹಲವು ಈ ಪರೀಕ್ಷೆ ದಾಟುತ್ತವೆ. ಗಾಬಾದಂತೆಯೇ ತಡೆಯುವ ಗ್ಲೈಸೀನ್‌ಗೆ ಇನ್ನೊಂದು ಗ್ರಿಡ್ ಇಟ್ಟರೆ ಎರಡೂ ಇರುವ ತುದಿಗಳು ಸಿಗುತ್ತವೆ. ಒಂದೇ ತುದಿಯನ್ನು ಎರಡು ಗ್ರಿಡ್‌ಗಳಲ್ಲಿ ನೋಡಲು ಸಾಧ್ಯವಾಗುವುದು ಮತ್ತೆ ಸರಣಿ ಇರುವುದರಿಂದಲೇ.

ಪ್ರತಿ ಬೂಟಾನಿಗೂ ದಾಖಲೆಯ ಹಾಳೆಯಲ್ಲಿ ಇಷ್ಟು ಬರೆದಿಡಿ: ನ್ಯೂಕ್ಲಿಯಸ್, ಬ್ಯಾರೆಲೆಟ್, ಮೊದಲ ಮತ್ತು ಕೊನೆಯ ಸೆಕ್ಷನ್ ಸಂಖ್ಯೆ, ನಡುವೆ ಕಳೆದುಹೋದ ಸೆಕ್ಷನ್‌ಗಳು, ಡೆಂಡ್ರೈಟ್ ಸಂಪರ್ಕಗಳು, ಪಿ ತುದಿಗಳು, ಪ್ರತಿ ಸಂಪರ್ಕ ಕಂಡ ಸೆಕ್ಷನ್‌ಗಳು. ಕಳೆದುಹೋದದ್ದನ್ನು ತಪ್ಪದೆ ಬರೆಯಬೇಕು. ಸತತ ಮೂರಕ್ಕಿಂತ ಹೆಚ್ಚು ಸೆಕ್ಷನ್ ಮಡಚಿಹೋಗಿದ್ದರೆ ಅಥವಾ ಸೀಸದ ಕಲೆಯಿಂದ ಮುಚ್ಚಿದ್ದರೆ ಆ ಬೂಟಾನ್ ಅಳತೆಗೆ ಬರಬಹುದು, ಪಿ ತುದಿಗಳ ಎಣಿಕೆಗೆ ಬರಬಾರದು. ಕಾಲು ಮೈಕ್ರಾನಿನ ಒಂದು ಸಂಪರ್ಕ ಪೂರ್ತಿ ಅಡಗಿಕೊಳ್ಳಲು ಅಷ್ಟು ಜಾಗ ಸಾಕು.